ಪಲ್ಪಿಂಗ್ ಪಂಪು ಕೈಕೊಡದಿರಲು

ಕೊಯ್ಲು ಭರದಿಂದ ಸಾಗುತ್ತಿರುವ ದಿನ, ಆಳುಗಳು ಅಳೆದು ಸುರಿದ ಹಣ್ಣು ಪಲ್ಪರಿನ ಮುಂದೆ ರಾಶಿ ಬಿದ್ದಿರುವಾಗ, ಪಂಪು ತಿರುಗಿದರೂ ಪೈಪಿನಲ್ಲಿ ನೀರು ಬಾರದೆ ಹೋದರೆ ಆಗುವ ಸಂಕಟ ಬೆಳೆಗಾರ ಬಾಂಧವರಿಗೆ ಹೊಸದಲ್ಲ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ರಾತ್ರಿಯಿಡೀ ರಾಶಿಯಲ್ಲೋ ಚೀಲದಲ್ಲೋ ಉಳಿದ ಹಣ್ಣು ಬಿಸಿಯೇರಿ ಹುಳಿಯುತ್ತದೆ. ಲೋಳೆ ಬಿಟ್ಟ ಬೀಜ ತೊಳೆಯಲು ನೀರಿಲ್ಲದೆ ತೊಟ್ಟಿಯಲ್ಲೇ ನಿಂತರೂ ಅದೇ ಗತಿ. ಅಂಥ ನಾರುವ ಬೀಜ ಸ್ವಲ್ಪ ಸೇರಿದರೂ ಸಾಕು, ಇಡೀ ಲಾಟಿನ ರುಚಿ ಕೆಡುತ್ತದೆ.

ಒಂದು ವರ್ಷ ನಮಗೇ ಹೀಗಾಯಿತು. ಸಂಜೆ ನಿಂತ ನೀರು ಎಷ್ಟು ಹೆಣಗಿದರೂ ಬರಲಿಲ್ಲ. ಮೆಕ್ಯಾನಿಕ್ ಬಂದದ್ದು ಮರುದಿನ ಮಧ್ಯಾಹ್ನ. ಫುಟ್‌ವಾಲ್ವಿನ ಬಾಯಲ್ಲಿ ಬೆರಳುದ್ದದ ಒಂದು ಕಡ್ಡಿ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಹತ್ತು ನಿಮಿಷ ಸಾಕಾಯಿತು. ಅಷ್ಟರಲ್ಲಿ ನಾವು ಹಣ್ಣನ್ನೆಲ್ಲ ಕಣದಲ್ಲಿ ತೆಳ್ಳಗೆ ಹರಡಿ ಚೆರ್ರಿಯಾಗಿ ಒಣಗಿಸಲು ಬಿಟ್ಟಾಗಿತ್ತು. ಪಾರ್ಚ್‌ಮೆಂಟಿಗೂ ಚೆರ್ರಿಗೂ ಇರುವ ಬೆಲೆಯ ಅಂತರವೇ ಆ ಕಡ್ಡಿಗೆ ನಾವು ತೆತ್ತ ದಂಡ.

ಪಂಪು ನೀರನ್ನು ಎಳೆಯುತ್ತದೆ ಎಂದು ಮಾತಿಗೆ ಹೇಳುತ್ತೇವೆ. ನಮ್ಮ ಸಣ್ಣ ತೋಟಗಳಲ್ಲಿ ಸಾಮಾನ್ಯವಾಗಿರುವ ಸೆಂಟ್ರಿಫ್ಯೂಗಲ್ ಪಂಪಿಗೆ ಎಳೆಯುವ ಶಕ್ತಿಯೇನೂ ಇಲ್ಲ. ಒಳಗಿನ ಚಕ್ರ, ಅಂದರೆ ಇಂಪೆಲ್ಲರ್, ತಿರುಗುತ್ತ ನೀರನ್ನು ಅಂಚಿಗೆ ಎಸೆಯುತ್ತದೆ. ಆಗ ನಡುವೆ ಒತ್ತಡ ಇಳಿಯುತ್ತದೆ. ಕೆರೆಯ ಮೇಲಿರುವ ಗಾಳಿಯ ಭಾರವು ನೀರನ್ನು ಪೈಪಿನೊಳಗೆ ಮೇಲಕ್ಕೆ ನೂಕುತ್ತದೆ. ಇಂಪೆಲ್ಲರ್ ನೀರನ್ನು ಎಸೆಯಬಲ್ಲದು, ಗಾಳಿಯನ್ನು ಎಸೆಯಲಾರದು. ಆದ್ದರಿಂದಲೇ ಮೊದಲು ಪಂಪಿಗೆ ನೀರು ತುಂಬಿಸಬೇಕು. ಹೀರುವ ಪೈಪಿನಲ್ಲಿ ಎಲ್ಲಿಯೂ ಗಾಳಿ ನುಸುಳಬಾರದು.

ಗಾಳಿಯ ಭಾರಕ್ಕೂ ಒಂದು ಮಿತಿಯುಂಟು. ಸಮುದ್ರಮಟ್ಟದಲ್ಲಿ ಅದು ನೀರನ್ನು ಹೆಚ್ಚೆಂದರೆ 10.3 ಮೀಟರ್ ಎತ್ತಬಲ್ಲದು. 1000 ಮೀಟರ್ ಎತ್ತರದ ಕಾಫಿ ತೋಟದಲ್ಲಿ ಇನ್ನೂ ಒಂದು ಮೀಟರಿನಷ್ಟು ಕಡಿಮೆ. ಪೈಪಿನ ಘರ್ಷಣೆ, ಬಾಗುಗಳ ಅಡ್ಡಿ ಎಲ್ಲ ಕಳೆದರೆ 6 ಮೀಟರ್, ಅಂದರೆ 20 ಅಡಿ, ನಂಬಬಹುದಾದ ಲೆಕ್ಕ. ಹೊಸಿಲ ತಿಂಗಳಲ್ಲಿ ತುಂಬಿದ್ದ ಕೆರೆ ಫೆಬ್ರವರಿಯಲ್ಲಿ ಇಳಿದಾಗ, ಅದೇ ಪಂಪು ಅದೇ ಜಾಗದಲ್ಲಿ ನಿಂತು ಸೋಲುವುದು ಇದಕ್ಕೇ. ಪಂಪನ್ನು ದೂರದಿರಬೇಡಿ, ನೀರಿನ ಹತ್ತಿರಕ್ಕೆ ಇಳಿಸಿರಿ.

ಹೀರುವ ಕಡೆಯ ದೋಷ ಕಂಡುಹಿಡಿಯಲು ಸುಲಭದ ಉಪಾಯವಿದೆ. ರಾತ್ರಿ ಕೆಲಸ ಮುಗಿದ ಮೇಲೆ ಪಂಪಿನ ಬಾಯಿಯವರೆಗೆ ನೀರು ತುಂಬಿಸಿಡಿ. ಬೆಳಿಗ್ಗೆ ನೀರು ಹಾಗೆಯೇ ಇದ್ದರೆ ಫುಟ್‌ವಾಲ್ವೂ ಜೋಡಣೆಗಳೂ ಸರಿಯಾಗಿವೆ. ಇಳಿದಿದ್ದರೆ ಮೊದಲು ಪೈಪಿನ ಜೋಡಣೆಗಳನ್ನು ನೋಡಿ; ಎಲ್ಲಾದರೂ ತೇವ ಕಂಡರೆ ನೀರು ಹೊರಬರುವ ಆ ಸಂದಿಯಲ್ಲಿಯೇ ಪಂಪು ನಡೆಯುವಾಗ ಗಾಳಿ ಒಳಹೋಗುತ್ತದೆ. ತೇವವಿಲ್ಲದಿದ್ದರೆ ಫುಟ್‌ವಾಲ್ವನ್ನು ಮೇಲಕ್ಕೆತ್ತಿ ಒಳಗಿನ ಚರ್ಮ ಅಥವಾ ರಬ್ಬರ್ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸಿ. ಜಾಲರಿಯನ್ನು ಕೊಯ್ಲಿನ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆಯಬೇಕು. ಅದು ಕೆಸರಿಗೆ ತಾಗದಂತೆ ತಳದಿಂದ ಒಂದಡಿ ಮೇಲಿರಲಿ. ಸುಳಿಯೆದ್ದು ಗಾಳಿ ಸೇರದಂತೆ ನೀರಿನಲ್ಲಿ ಸಾಕಷ್ಟು ಮುಳುಗಿಯೂ ಇರಲಿ. ಪಂಪಿನೊಳಗೆ ಜಲ್ಲಿಕಲ್ಲು ಅಲುಗಿಸಿದಂಥ ಸದ್ದು ಕೇಳಿದರೆ ಹೀರುವ ದಾರಿ ಕಟ್ಟಿಕೊಂಡಿದೆಯೆಂದೇ ತಿಳಿಯಿರಿ. ಹಾಗೆಯೇ ನಡೆಸುತ್ತ ಹೋದರೆ ಇಂಪೆಲ್ಲರಿನಲ್ಲಿ ಗುಳಿ ಬೀಳುತ್ತದೆ.

ಇನ್ನು ಗ್ಲ್ಯಾಂಡ್ ಡೋರಿ. ಇಲ್ಲಿ ಅತಿ ಜಾಣತನವೇ ಕೇಡು. ಶಾಫ್ಟಿನ ಬಳಿ ನೀರು ತೊಟ್ಟಿಕ್ಕುವುದನ್ನು ಕಂಡ ಕೂಡಲೇ ಸ್ಪ್ಯಾನರ್ ಹಿಡಿದು ಬಿಗಿಯುವವರು ಬಹಳ. ಡೋರಿ ಇರುವ ಪಂಪಿನಲ್ಲಿ ನೀರು ಹನಿಹನಿಯಾಗಿ ತೊಟ್ಟಿಕ್ಕಲೇಬೇಕು. ಆ ಹನಿಯೇ ಡೋರಿಗೂ ಶಾಫ್ಟಿಗೂ ತಂಪು. ಪೂರ್ತಿ ನಿಲ್ಲಿಸಿದರೆ ಡೋರಿ ಸುಟ್ಟು ಶಾಫ್ಟಿನ ಮೇಲೆ ಗೀರು ಬೀಳುತ್ತದೆ, ಆಮೇಲೆ ಎಷ್ಟು ಹೊಸ ಡೋರಿ ಹಾಕಿದರೂ ನಿಲ್ಲದು. ಧಾರೆಯಾಗಿ ಸುರಿದರೆ ಮಾತ್ರ ಎರಡೂ ನಟ್ಟುಗಳನ್ನು ಸಮವಾಗಿ ಸ್ವಲ್ಪಸ್ವಲ್ಪವೇ ತಿರುಗಿಸಿ. ಡೋರಿ ಬದಲಿಸುವಾಗ ಹಳೆಯದನ್ನು ಒಂದೆಳೆ ಉಳಿಯದಂತೆ ತೆಗೆದು, ಹೊಸ ಸುತ್ತುಗಳ ತುದಿ ಒಂದರ ಮೇಲೊಂದು ಬಾರದಂತೆ ಜೋಡಿಸಬೇಕು. ಮೆಕ್ಯಾನಿಕಲ್ ಸೀಲ್ ಇರುವ ಮೋನೋಬ್ಲಾಕ್ ಪಂಪಿನ ರೀತಿಯೇ ಬೇರೆ. ಅಲ್ಲಿ ಸೋರಿಕೆ ಕಂಡರೆ ಸೀಲ್ ಕೆಟ್ಟಿದೆಯೆಂದರ್ಥ. ಅದನ್ನು ನೀರಿಲ್ಲದೆ ಸ್ವಲ್ಪ ಹೊತ್ತು ಓಡಿಸಿದರೂ ಸೀಲ್ ಹಾಳಾಗುತ್ತದೆ.

ಪಲ್ಪರಿನ ನೀರನ್ನೇ ಮತ್ತೆ ತಿರುಗಿಸಿ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಸಿಪ್ಪೆ, ಲೋಳೆ ಸೇರಿದ ನೀರು ಬೇಗ ಹುಳಿಯುತ್ತದೆ. ಹುಳಿ ಎರಕದ ಕಬ್ಬಿಣವನ್ನು ತಿನ್ನುತ್ತದೆ. ದಿನದ ಕೆಲಸ ಮುಗಿದೊಡನೆ ಹತ್ತು ನಿಮಿಷ ಶುದ್ಧ ನೀರು ಹಾಯಿಸಿರಿ. ಹೊಸ ಪಂಪು ಕೊಳ್ಳುವುದಾದರೆ ಈ ಕೆಲಸಕ್ಕೆ ತೆರೆದ ಇಂಪೆಲ್ಲರ್ ಇರುವುದನ್ನೇ ಆರಿಸುವುದು ಲೇಸು. ಮುಚ್ಚಿದ ಇಂಪೆಲ್ಲರಿನ ಸಂದಿಯಲ್ಲಿ ಸಿಪ್ಪೆ ಕಟ್ಟಿಕೊಳ್ಳುತ್ತದೆ.

ಮೂರು ಫೇಸಿನ ಮೋಟಾರನ್ನು ರಿಪೇರಿಗೆ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ನೀರು ಸಣ್ಣಗೆ ಬಂದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತಿಲ್ಲವೇ ನೋಡಿ. ಯಾವುದಾದರೂ ಎರಡು ತಂತಿ ಅದಲು ಬದಲಾದರೆ ಹೀಗಾಗುತ್ತದೆ. ಮೇನ್ ಸ್ವಿಚ್ ಆರಿಸದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇದಕ್ಕೆ ಕೈ ಹಾಕಬಾರದು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದೂ ಬೇಡ, ಮೋಟಾರು ಸುಡುತ್ತದೆ.

ಪಂಪನ್ನು ಹೆಚ್ಚಾಗಿ ಕೆಡಿಸುವುದು ದುಡಿಮೆಯಲ್ಲ, ಮಳೆಗಾಲದ ವಿಶ್ರಾಂತಿ. ಮಾರ್ಚಿನಲ್ಲಿ ನಿಲ್ಲಿಸಿದ ಪಂಪನ್ನು ನವೆಂಬರಿನಲ್ಲಿ ತಿರುಗಿಸಹೋದರೆ ಇಂಪೆಲ್ಲರ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕೊಯ್ಲು ಮುಗಿದಾಗ ತಳದ ಬಿರಡೆ ಬಿಚ್ಚಿ ನೀರನ್ನೆಲ್ಲ ಬಸಿದು ಒಣಗಲು ಬಿಡಿ. ಹೊರಗಿನ ಶಾಫ್ಟಿಗೆ ಎಣ್ಣೆ ಸವರಿ, ಬೇರಿಂಗಿಗೆ ಮಿತವಾಗಿ ಗ್ರೀಸ್ ಹಾಕಿ. ತುಂಬಾ ತುರುಕಿದರೆ ಬೇರಿಂಗ್ ಬಿಸಿಯಾಗುತ್ತದೆ. ಒಳಗೆ ಸೀಮೆಎಣ್ಣೆ, ಸುಟ್ಟ ಆಯಿಲ್ ಸುರಿಯಬೇಡಿ; ಕಾಫಿ ಆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಶಾಫ್ಟನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ. ಮಳೆಯಲ್ಲಿ ಶೆಡ್ಡಿಗೆ ಹೋಗಲು ಸೋಮಾರಿತನವಾಗುವುದು ನಮಗೂ ಗೊತ್ತು. ಔಷಧಿ ಹೊಡೆಯಲು ಹೋದ ದಿನವೇ ಈ ಕೆಲಸವನ್ನೂ ಸೇರಿಸಿಕೊಂಡರಾಯಿತು.

ಅಕ್ಟೋಬರಿನ ಕೊನೆಯಲ್ಲಿ, ಹಣ್ಣು ಕೆಂಪಾಗುವ ಮೊದಲೇ, ಒಂದು ಗಂಟೆ ಪಂಪು ನಡೆಸಿ ನೋಡಿ. ಒಂದು ಗೇಜು ಡೋರಿ, ಫುಟ್‌ವಾಲ್ವಿನ ಮುಚ್ಚಳ, ನಾಲ್ಕಾರು ವಾಷರ್, ಬೆಲ್ಟಿನಿಂದ ನಡೆಯುವ ಪಂಪಾದರೆ ಒಂದು ಬೆಲ್ಟು, ಸರಿಯಾದ ಫ್ಯೂಸ್ ತಂತಿ, ಇಷ್ಟನ್ನು ಡಬ್ಬಿಯಲ್ಲಿ ಹಾಕಿ ಪಂಪಿನ ಶೆಡ್ಡಿನಲ್ಲೇ ತೂಗುಹಾಕಿರಿ. ಮನೆಯ ಬೀರುವಿನಲ್ಲಿಟ್ಟರೆ ಬೇಕಾದ ಸಂಜೆ ಬೀಗದ ಕೈ ಸಿಗುವುದಿಲ್ಲ.