ಮೊಟ್ಟೆಗೆ ಬರುವ ಹೇಂಟೆಗೆ ಏನು ತಿನ್ನಿಸಬೇಕು?

ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕುವುದು ಕರಾವಳಿಯ ಮನೆಗಳಿಗೆ ಹೊಸತಲ್ಲ. ಊರಿನ ಕೋಳಿ ತನ್ನಷ್ಟಕ್ಕೆ ಕೆದಕಿ ತಿಂದು, ಆರೇಳು ತಿಂಗಳಿಗೆ ಮೊಟ್ಟೆ ಇಟ್ಟು, ಕಾವಿಗೆ ಕೂತು ಮರಿ ಮಾಡಿಕೊಳ್ಳುತ್ತದೆ. ಅದರ ಆಹಾರದ ಬಗ್ಗೆ ಯಾರೂ ತಲೆಕೆಡಿಸಿಕೊಂಡವರಲ್ಲ. ಆದರೆ ಸ್ವಸಹಾಯ ಗುಂಪುಗಳ ಮೂಲಕವೋ ಪೇಟೆಯಿಂದಲೋ ಇಂದು ಅನೇಕ ಮನೆಗಳಿಗೆ ಬರುವುದು ಗಿರಿರಾಜ, ಸ್ವರ್ಣಧಾರ ಅಥವಾ ಕಂದು ಮೊಟ್ಟೆಯ ಬಿ.ವಿ. 380 ತಳಿಯ ಮರಿಗಳು. ಮೊದಲೆರಡು ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಿಲ ಸಾಕಣೆಗೆಂದೇ ರೂಪುಗೊಂಡ ತಳಿಗಳು. ಊರಿನ ಕೋಳಿ ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆ ಇಟ್ಟರೆ ಗಿರಿರಾಜ ಹೇಂಟೆ 130ರಿಂದ 150ರಷ್ಟು ಇಡಬಲ್ಲದು. ಅಷ್ಟು ಮೊಟ್ಟೆಗೆ ಬೇಕಾದ ಸತ್ವ ಹಿತ್ತಿಲ ಕಸಕಡ್ಡಿಯಲ್ಲೇ ಸಿಗಬೇಕೆಂದರೆ ಆಗದ ಮಾತು.

ಐದಾರು ತಿಂಗಳು ಸಾಕಿದ ಮೇಲೆ ಕೇಳಿಬರುವ ದೂರು ಸಾಮಾನ್ಯವಾಗಿ ಎರಡು. ಒಂದು, "ತಿನ್ನುವುದು ಮಾತ್ರ, ಮೊಟ್ಟೆಯೇ ಇಲ್ಲ." ಇನ್ನೊಂದು, "ಮೊಟ್ಟೆ ಇಡುತ್ತದೆ, ಆದರೆ ಓಡು ಮೆತ್ತಗೆ. ಕೈಯಲ್ಲಿ ಹಿಡಿದರೆ ಒಡೆಯುತ್ತದೆ." ಕೊನೆಗೆ ಹೇಂಟೆ ಸಾರಿನ ಪಾತ್ರೆಗೆ ಹೋಗುತ್ತದೆ, ಮೊಟ್ಟೆ ಮಾರಿ ನಾಲ್ಕು ಕಾಸು ಮಾಡಬೇಕೆಂದಿದ್ದ ಮನೆಯಾಕೆಯ ಲೆಕ್ಕವೂ ಅಲ್ಲಿಗೆ ಮುಗಿಯುತ್ತದೆ. ತಳಿ ಸರಿಯಿಲ್ಲ ಎಂದು ದೂರುವ ಮೊದಲು ಒಂದು ವಿಷಯ ನೋಡಬೇಕು: ಮೊದಲ ಮೊಟ್ಟೆಗೆ ಮುಂಚಿನ ಎರಡು ತಿಂಗಳಲ್ಲಿ ಅದಕ್ಕೆ ಏನು ತಿನ್ನಿಸಿದ್ದೀರಿ?

ಇಲ್ಲಿ ಎರಡು ತಪ್ಪುಗಳು ನಡೆಯುತ್ತವೆ, ಒಂದಕ್ಕೊಂದು ತೀರಾ ವಿರುದ್ಧವಾದವು. ಕೆಲವರು ಬರೀ ಅನ್ನ, ನುಚ್ಚು, ತವುಡು ಹಾಕುತ್ತಾರೆ. ಅಕ್ಕಿಯಲ್ಲಿ ಪ್ರೋಟೀನ್ ಇರುವುದು ಶೇಕಡಾ ಏಳೆಂಟು ಮಾತ್ರ. ಬೆಳೆಯುವ ಹೇಂಟೆಗೆ ಬೇಕಾದದ್ದು ಶೇ. 16ರಷ್ಟು. ಅನ್ನ ತಿಂದ ಹೇಂಟೆ ನೋಡಲು ದಷ್ಟಪುಷ್ಟವಾಗಿರುತ್ತದೆ, ಆದರೆ ಹೊಟ್ಟೆಯೊಳಗೆ ಕೊಬ್ಬು ತುಂಬಿರುತ್ತದೆ. ಅಂಥದ್ದು ಮೊಟ್ಟೆಗೆ ಬರುವುದು ತಡ, ಬಂದರೂ ಮೊಟ್ಟೆ ಇಡುವಾಗ ಗುದ ಹೊರಗೆ ಬರುವ ಅಪಾಯ ಹೆಚ್ಚು. ಇನ್ನು ಕೆಲವರು ಬೇಗ ಮೊಟ್ಟೆ ಬರಲೆಂದು ಮೂರನೇ ತಿಂಗಳಿಗೇ ಲೇಯರ್ ಫೀಡ್ ಚೀಲ ತರುತ್ತಾರೆ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು.

ಏಕೆಂದರೆ ಲೇಯರ್ ಫೀಡ್‌ನಲ್ಲಿ ಕ್ಯಾಲ್ಸಿಯಂ ಶೇ. 3ರಿಂದ 4ರವರೆಗೆ ಇರುತ್ತದೆ. ಮೊಟ್ಟೆ ಇಡದ ಹೇಂಟೆಗೆ ಶೇ. 1 ಸಾಕು. ಮೊಟ್ಟೆ ಇಡುವ ಕೋಳಿ ಹೆಚ್ಚಿನ ಕ್ಯಾಲ್ಸಿಯಂ ಅನ್ನು ಓಡಿನ ರೂಪದಲ್ಲಿ ಹೊರಗೆ ಹಾಕುತ್ತದೆ. ಎಳೆ ಹೇಂಟೆಗೆ ಆ ದಾರಿ ಇಲ್ಲ. ಎಲ್ಲ ಭಾರ ಮೂತ್ರಪಿಂಡದ ಮೇಲೆ ಬೀಳುತ್ತದೆ. ವಾರಗಟ್ಟಲೆ ಹೀಗೇ ನಡೆದರೆ ಮೂತ್ರಪಿಂಡ ಕೆಡುತ್ತದೆ, ಅಲ್ಲಿ ಕಲ್ಲು ಕಟ್ಟುವುದೂ ಇದೆ. ತಿಂಗಳುಗಳ ನಂತರ ಒಂದು ದಿನ ಕೋಳಿ ಸತ್ತು ಬಿದ್ದಾಗ ಅದಕ್ಕೂ ಹಳೆಯ ಫೀಡ್‌ಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಹಾಗಾದರೆ ಬದಲಾಯಿಸುವುದು ಯಾವಾಗ? ತಿಂಗಳ ಲೆಕ್ಕಕ್ಕಿಂತ ಕೋಳಿಯನ್ನೇ ನೋಡುವುದು ಉತ್ತಮ. ಬಿ.ವಿ. 380ರಂಥವು ನಾಲ್ಕೂವರೆ ಐದು ತಿಂಗಳಿಗೇ ಮೊಟ್ಟೆಗೆ ಬಂದರೆ ಗಿರಿರಾಜ ಐದೂವರೆ, ಆರು ತಿಂಗಳು ತೆಗೆದುಕೊಳ್ಳುತ್ತದೆ. ಬಿಳಚಿಕೊಂಡಿದ್ದ ಜುಟ್ಟು ದೊಡ್ಡದಾಗಿ ಕೆಂಪಗಾಗುತ್ತದೆ. ಬೆನ್ನ ಮೇಲೆ ಕೈ ಇಟ್ಟರೆ ಓಡುವ ಬದಲು ರೆಕ್ಕೆ ಅಗಲಿಸಿ ಕುಕ್ಕರಿಸುತ್ತದೆ. ಬುಟ್ಟಿ, ಕಟ್ಟಿಗೆಯ ರಾಶಿ, ಮಂಚದಡಿ ಎಲ್ಲ ಇಣುಕಿ ನೋಡಲು ಶುರು ಮಾಡುತ್ತದೆ. ಈ ಲಕ್ಷಣ ಕಂಡ ಮೇಲೆ ಒಂದೆರಡು ವಾರದಲ್ಲಿ ಮೊಟ್ಟೆ ನಿರೀಕ್ಷಿಸಬಹುದು. ಇದೇ ಸಮಯದಲ್ಲಿ ಹೇಂಟೆಯ ಕಾಲಿನ ಮೂಳೆಯೊಳಗೆ ಕ್ಯಾಲ್ಸಿಯಂನ ವಿಶೇಷ ದಾಸ್ತಾನು ಕೂಡುತ್ತದೆ. ಆದ್ದರಿಂದ ಜುಟ್ಟು ಕೆಂಪಾದಾಗ ಚಿಪ್ಪು ಇಡಲು ಆರಂಭಿಸಿ, ಮೊದಲ ಮೊಟ್ಟೆ ಕಂಡ ಮೇಲೆ ಫೀಡ್ ಬದಲಾಯಿಸುವುದು ಸರಿಯಾದ ಕ್ರಮ. ಅದೂ ಒಂದೇ ದಿನದಲ್ಲಿ ಅಲ್ಲ, ಹಳೆಯದರೊಂದಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಒಂದು ವಾರದಲ್ಲಿ.

ಅಲ್ಲಿಯವರೆಗೆ ಅಂಗಡಿಯ ಗ್ರೋವರ್ ಫೀಡ್ ಕೊಡಬಹುದು. ಮನೆಯಲ್ಲೇ ಬೆರೆಸುವವರು ಹತ್ತು ಕಿಲೋಗೆ ಈ ಲೆಕ್ಕ ಹಿಡಿಯಬಹುದು: ನುಚ್ಚು ಅಥವಾ ಒಡೆದ ಮೆಕ್ಕೆಜೋಳ ಐದೂವರೆ ಕಿಲೋ, ತವುಡು ಎರಡು ಕಿಲೋ, ನೆಲಗಡಲೆ ಹಿಂಡಿ ಒಂದೂವರೆ ಕಿಲೋ, ಉಪ್ಪು ಹಾಕದೆ ಒಣಗಿಸಿದ ಮೀನಿನ ಪುಡಿ ಮುಕ್ಕಾಲು ಕಿಲೋ, ಕೋಳಿಯ ಖನಿಜ ಮಿಶ್ರಣ ಕಾಲು ಕಿಲೋ. ಇದರಲ್ಲಿ ಪ್ರೋಟೀನ್ ಶೇ. 16–17ರಷ್ಟು ಬರುತ್ತದೆ. ತೆಂಗಿನ ಹಿಂಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದರಲ್ಲಿ ನೆಲಗಡಲೆ ಹಿಂಡಿಯ ಅರ್ಧದಷ್ಟೇ ಪ್ರೋಟೀನ್ ಇರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಮೀನಿನ ವಿಷಯದಲ್ಲಿ ಒಂದು ಎಚ್ಚರಿಕೆ: ಊಟಕ್ಕೆಂದು ಉಪ್ಪು ಹಾಕಿ ಒಣಗಿಸಿದ ಮೀನು, ಅದರ ತಲೆ ಕೋಳಿಗೆ ಬೇಡ. ಉಪ್ಪು ಹೆಚ್ಚಾದರೆ ಕೋಳಿಗೆ ಅದು ವಿಷವೇ. ಮರಗೆಣಸಿನ ಹಸಿ ಸಿಪ್ಪೆಯೂ ಹಾಗೆಯೇ, ಅದರಲ್ಲಿ ಸಯನೈಡ್ ಅಂಶವಿದೆ.

ಹೊರಗೆ ಬಿಟ್ಟು ಸಾಕುವ ಕೋಳಿ ಹುಳಹುಪ್ಪಟೆ, ಹಸಿರು ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕೆ ಬೆಳಿಗ್ಗೆ ಸ್ವಲ್ಪ, ಸಂಜೆ ಗೂಡಿಗೆ ಬರುವಾಗ ಸ್ವಲ್ಪ ಕೊಟ್ಟರೆ ನಡೆಯುತ್ತದೆ. ಕೂಡಿಹಾಕಿ ಸಾಕುವುದಾದರೆ ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ 110–120 ಗ್ರಾಂ ಬೇಕಾಗುತ್ತದೆ.

ಇನ್ನು ಚಿಪ್ಪಿನ ವಿಚಾರ. ಇದರಲ್ಲಿ ಕರಾವಳಿಯವರು ಪುಣ್ಯವಂತರು. ಒಂದು ಮೊಟ್ಟೆಯ ಓಡಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಓಡು ಕಟ್ಟಲು ಇಪ್ಪತ್ತು ಗಂಟೆಯಷ್ಟು ಬೇಕು, ಅದರ ಹೆಚ್ಚಿನ ಭಾಗ ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ. ಹುಡಿ ಸುಣ್ಣದ ಕಲ್ಲು ಬೇಗ ಕರಗಿ ಹೋಗುತ್ತದೆ. ಅಕ್ಕಿಕಾಳು, ಗೋಧಿಕಾಳಿನಷ್ಟು ದೊಡ್ಡ ಚಿಪ್ಪಿನ ಚೂರು ಗುಂಡಿಕಾಯಿಯಲ್ಲಿ ನಿಂತು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಅಡುಗೆ ಮಾಡಿ ಎಸೆಯುವ ಮರುವಾಯಿ, ಕೊಂಕಣಿಯಲ್ಲಿ ನಾವು ಹೇಳುವ ಖುಬೆ, ಅದರ ಚಿಪ್ಪನ್ನು ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ ಕಲ್ಲಿನಲ್ಲಿ ಜಜ್ಜಿದರೆ ಆಯಿತು. ಖರ್ಚು ಏನೂ ಇಲ್ಲ. ಮೊಟ್ಟೆಯ ಓಡನ್ನೂ ಕೊಡಬಹುದು, ಆದರೆ ಒಲೆಯ ಮೇಲೆ ಹುರಿದು, ಓಡೆಂದು ಗುರುತು ಸಿಗದಂತೆ ಪುಡಿ ಮಾಡಿ. ಇಲ್ಲವಾದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಹಿಡಿಯುತ್ತದೆ. ಎಲೆಅಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಬೇರೆ ವಸ್ತು, ಅದು ಸುಡುತ್ತದೆ, ಕೊಡಬಾರದು.

ಚಿಪ್ಪನ್ನು ಫೀಡ್‌ನಲ್ಲಿ ಬೆರೆಸದೆ ಪ್ರತ್ಯೇಕ ಗೆರಟೆಯಲ್ಲಿ ಇಡಿ. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟು ಹೆಕ್ಕುತ್ತದೆ, ಎಳೆಯದು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಒಂದೇ ಗೂಡಿನಲ್ಲಿ ಮೊಟ್ಟೆ ಇಡುವವು, ಇಡದವು, ಹುಂಜ ಎಲ್ಲ ಸೇರಿರುವ ಮನೆಗಳಿಗೆ ಇದೇ ಅತ್ಯಂತ ಸುಲಭದ ದಾರಿ: ಎಲ್ಲಕ್ಕೂ ಗ್ರೋವರ್, ಪಕ್ಕದಲ್ಲಿ ಚಿಪ್ಪು.

ಮೊಟ್ಟೆಗೆ ಬರುವ ಮುಂಚೆ, ನಾಲ್ಕನೇ ತಿಂಗಳ ಸುಮಾರಿಗೆ, ಪಶುವೈದ್ಯರಲ್ಲಿ ಕೇಳಿ ಜಂತುಹುಳದ ಮದ್ದು ಮತ್ತು ಕೊಕ್ಕರೆ ರೋಗದ ಲಸಿಕೆ ಮುಗಿಸಿಕೊಳ್ಳಿ. ಹೊಟ್ಟೆಯಲ್ಲಿ ಹುಳ ಇರುವ ಕೋಳಿಗೆ ಎಂಥ ಫೀಡ್ ಹಾಕಿದರೂ ಅರ್ಧ ಹುಳದ ಪಾಲು. ನೀರು ತಿಂದ ಆಹಾರದ ಎರಡರಷ್ಟು ಬೇಕು, ಏಪ್ರಿಲ್–ಮೇ ಸೆಕೆಯಲ್ಲಿ ಇನ್ನೂ ಹೆಚ್ಚು. ಒಂದು ದಿನ ನೀರು ತಪ್ಪಿದರೂ ಕೆಲವು ದಿನ ಮೊಟ್ಟೆ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ದೊಡ್ಡ ಚೀಲ ಅಗ್ಗ ಎಂದು ತಂದಿಡಬೇಡಿ. ನಮ್ಮ ಜೂನ್–ಜುಲೈ ತೇವಕ್ಕೆ ಮೆಕ್ಕೆಜೋಳ, ನೆಲಗಡಲೆ ಹಿಂಡಿ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕೋಳಿಯ ಯಕೃತ್ತನ್ನು ಕೆಡಿಸುತ್ತದೆ, ಬೇಯಿಸಿದರೂ ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಹದಿನೈದು ದಿನಕ್ಕೆ ಬೇಕಾದಷ್ಟೇ ತಂದು, ಮುಚ್ಚಳದ ಡಬ್ಬಿಯಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ವಾಸನೆ ಬಂದ ಫೀಡ್ ಎಷ್ಟೇ ದುಡ್ಡಿನದ್ದಾದರೂ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.