ವೈರು ಎಟುಕದ ವಿಮಾನ

ಏರ್‌ಬಸ್ ಎ380 ವಿಮಾನದಲ್ಲಿ ಸುಮಾರು 500 ಕಿ.ಮೀ. ವೈರಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೂರಿಸಿದ ವೈರುಗಳನ್ನು ಫ್ರಾನ್ಸಿನ ತುಲೂಸ್‌ನಲ್ಲಿ ಜೋಡಿಸಲು ಹೋದರೆ, ಕೆಲವು ಎಟುಕಲೇ ಇಲ್ಲ! ಇಬ್ಬರದ್ದೂ ‘ಕ್ಯಾಟಿಯಾ’ ಸಾಫ್ಟ್‌ವೇರೇ. ಆದರೆ ಜರ್ಮನ್ನರದು 4ನೇ ಆವೃತ್ತಿ, ಫ್ರೆಂಚರದು 5ನೇದು. ಡಿಸೈನ್ ಫೈಲ್ ಅತ್ತಿಂದಿತ್ತ ಸರಿಯಾಗಿ ಹೋಗುತ್ತಿರಲಿಲ್ಲ. 2006ರಲ್ಲಿ ಬರಬೇಕಿದ್ದ ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈಸೇರಿದ್ದು 2007ರ ಅಕ್ಟೋಬರ್‌ನಲ್ಲಿ.

ನಮ್ಮ ಆಫೀಸುಗಳ ಕಥೆಯೇನು? ಡಿಸೈನ್‌ನಿಂದ ಪರ್ಚೇಸ್‌ಗೆ, ಅಲ್ಲಿಂದ ಶಾಪ್‌ಫ್ಲೋರ್‌ಗೆ ಡ್ರಾಯಿಂಗ್ ಹೋಗೋದು ವಾಟ್ಸ್‌ಆ್ಯಪ್‌ನಲ್ಲೇ. ‘ಫೈನಲ್’, ‘ಫೈನಲ್ 2’ ಅಂತಿದ್ದರೆ ಯಾವುದನ್ನು ನಂಬೋದು, ಹೇಳಿ? ಬೇರೆ ಸಾಫ್ಟ್‌ವೇರ್ ಬಳಸೋರಿಗೆ ‘ಸ್ಟೆಪ್’ ಫೈಲ್ ಕೊಡಬಹುದು. ಅದರಲ್ಲಿ ಆಕಾರ ಹೋಗುತ್ತೆ, ಅದನ್ನು ಹೇಗೆ ಕಟ್ಟಿದಿರಿ ಅನ್ನೋದು ಹೋಗಲ್ಲ. ಹಾಗಾಗಿ ರಿವಿಷನ್ ನಂಬರ್ ಜೊತೆಗೆ ಏನು ಬದಲಾಯಿತು ಅಂತ ಒಂದು ಸಾಲು ಬರೆದೇ ಕಳಿಸಿ.