ಕಿರಣ ನಿಮಿಷದ್ದು, ಬಿಸಿಲು ವರ್ಷದ್ದು

ಸೂರತ್ತಿನ ವಜ್ರದ ಕಾರ್ಖಾನೆಗಳಿಗೆ ಲೇಸರ್ ಹಳೆಯ ನೆಂಟ. ಒರಟು ಹರಳನ್ನು ಸೀಳುವ ಕೆಲಸವನ್ನು ಅದು ಗರಗಸದ ಅಲಗಿನಿಂದ ಕಸಿದುಕೊಂಡು ವರ್ಷಗಳಾದವು. ಹರಳು ಕಿರಣ ಬಿದ್ದಲ್ಲಿ ಸೀಳಿಕೊಂಡು ಆಮೇಲೆ ತೆಪ್ಪಗಿರುತ್ತದೆ. ಚರ್ಮ ಹಾಗಲ್ಲ, ತಿರುಗಿ ಮಾತಾಡುತ್ತದೆ, ಅದೂ ಮೂರು ನಾಲ್ಕು ವಾರ ಬಿಟ್ಟು. ಸೂರತ್ತಿನ ಪಕ್ಕದಲ್ಲೇ, ತಾಪಿ ನದಿ ಅರಬ್ಬಿ ಸಮುದ್ರಕ್ಕೆ ಕೂಡುವ ಹಜೀರಾದಲ್ಲಿ ಉಕ್ಕು, ರಸಗೊಬ್ಬರ, ಅನಿಲ, ಬಂದರು ಎಂದು ಹಗಲೂ ರಾತ್ರಿ ಕೆಲಸ ನಡೆಯುತ್ತದೆ. ಅಲ್ಲಿ ದುಡಿಯುವವರು ಮೊಡವೆ ಬಿಟ್ಟುಹೋದ ಕುಳಿಗಳಿಗೆಂದೋ ಸುಟ್ಟ ಗಾಯದ ಗುರುತಿಗೆಂದೋ ಲೇಸರ್ ರೀಸರ್ಫೇಸಿಂಗ್ ಮಾಡಿಸಲು ಹೊರಟರೆ ವಿಚಾರಣೆಯೆಲ್ಲ ಯಾವ ಯಂತ್ರ, ಸಿಟ್ಟಿಂಗಿಗೆ ಎಷ್ಟು ಎಂಬುದರ ಸುತ್ತಲೇ ಸುಳಿಯುವುದು ಸಹಜ. ಕೇಳಿಕೊಳ್ಳಬೇಕಾದ್ದು ಬೇರೆ: ಕಿರಣ ಬಿದ್ದ ಮೇಲಿನ ಮೂರು ತಿಂಗಳು ಈ ಮುಖ ಯಾವ ಬಿಸಿಲಿನಲ್ಲಿರುತ್ತದೆ? ನಮ್ಮ ಮೈಬಣ್ಣದವರ ಮಟ್ಟಿಗೆ ಚಿಕಿತ್ಸೆಯ ಫಲ ಬಹುಪಾಲು ಈ ಪ್ರಶ್ನೆಗೆ ಅಂಟಿಕೊಂಡಿದೆ.

ರೀಸರ್ಫೇಸಿಂಗ್ ಎಂದರೆ ಲೆಕ್ಕ ಹಾಕಿ ಮಾಡುವ ಗಾಯ. ಪಾಲಿಶ್, ಫೇಶಿಯಲ್ಲುಗಳ ಜಾತಿಗೆ ಸೇರಿದ್ದಲ್ಲ. ಇದಕ್ಕೆ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದು ಕಣ್ಣಿಗೆ ಕಾಣದ, 10,600 ನ್ಯಾನೊಮೀಟರ್ ಅಲೆಯುದ್ದದ ಕಿರಣ. ಇನ್ನೊಂದು ಬಗೆಯಾದ ಎರ್ಬಿಯಂ ಯಾಗ್ ಲೇಸರಿನದು 2,940. ಎರಡನ್ನೂ ಹೀರುವುದು ನೀರು. ಜೀವಕೋಶದೊಳಗಿನ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ ಮೇಲ್ಪದರ ಹಾರಿಹೋಗುತ್ತದೆ, ಕೆಳಗಿನ ಪದರಕ್ಕೆ ಕಾವು ತಟ್ಟುತ್ತದೆ. ಆಗ ಕೂದಲ ಬುಡದಲ್ಲಿರುವ ಕೋಶಗಳು ಬೆಳೆದು ಮೇಲೆ ಹೊಸ ಹೊದಿಕೆ ಹಾಸುತ್ತವೆ. ಒಳಗೆ ಕೊಲಾಜೆನ್ ಎಂಬ ನಾರು ಹೊಸದಾಗಿ ಹೆಣೆದುಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಮುಖದಲ್ಲಿ ಕೂದಲ ಬುಡಗಳು ದಟ್ಟವಾಗಿವೆ, ಕುತ್ತಿಗೆ ಮತ್ತು ಎದೆಯಲ್ಲಿ ವಿರಳ. ಮುಖಕ್ಕೆ ಒಗ್ಗಿದ ಏಟು ಕುತ್ತಿಗೆಗೆ ಒಗ್ಗದೆ ಕಲೆಯಾಗಿ ಉಳಿಯುವುದು ಇದೇ ಕಾರಣಕ್ಕೆ.

ಕಿರಣವನ್ನು ಹೀರುವುದು ನೀರೇ ಹೊರತು ಬಣ್ಣವಲ್ಲ ಎಂದಮೇಲೆ ಕಂದು ಚರ್ಮಕ್ಕೇಕೆ ಹೆಚ್ಚು ತೊಂದರೆ? ಲೇಸರಿಗೆ ಬಣ್ಣ ಕಾಣದಿದ್ದರೂ ಗಾಯಕ್ಕೆ ಕಾಣುತ್ತದೆ. ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ಚರ್ಮದ ವಿಂಗಡಣೆಯಲ್ಲಿ ಈಗ ಆರು ವರ್ಗಗಳಿವೆ. ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದರಲ್ಲಿ ಬರುತ್ತೇವೆ. ಈ ಚರ್ಮ ಉರಿಯೂತಕ್ಕೆ ಮೆಲನಿನ್ ಸುರಿದು ಉತ್ತರ ಕೊಡುತ್ತದೆ. ಸೊಳ್ಳೆ ಕಚ್ಚಿದಲ್ಲಿ, ಮೊಡವೆ ಒಡೆದಲ್ಲಿ ತಿಂಗಳುಗಟ್ಟಲೆ ಕಪ್ಪು ಉಳಿಯುವುದನ್ನು ಎಲ್ಲರೂ ಕಂಡಿದ್ದೇವೆ; ಲೇಸರಿನ ಗಾಯದ್ದೂ ಅದೇ ಕತೆ, ಮುಖದಗಲ. ಇದಕ್ಕೆ ಬಿಸಿಲು ಸೇರಿದರೆ ಬೆಂಕಿಗೆ ತುಪ್ಪ. ಸೂರತ್ ಇರುವುದು 21 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಕೊನೆಗೊಮ್ಮೆ, ಜುಲೈ ನಡುವಿಗೊಮ್ಮೆ ಸೂರ್ಯ ಅಲ್ಲಿ ನೇರ ನೆತ್ತಿಗೇ ಬರುತ್ತಾನೆ. ನೇರಳಾತೀತ ಕಿರಣದ ಒಂದು ಭಾಗ ಕಾರಿನ ಕಿಟಕಿಯ ಗಾಜನ್ನೂ ದಾಟುತ್ತದೆ. ಕಣ್ಣಿಗೆ ಕಾಣುವ ಬೆಳಕು ಕೂಡ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ. ಐರನ್ ಆಕ್ಸೈಡ್ ಬೆರೆಸಿದ ಮೈಬಣ್ಣದ ಸನ್‌ಸ್ಕ್ರೀನ್ ಬರೆದುಕೊಡುವುದು ಅದಕ್ಕಾಗಿ. ವೆಲ್ಡಿಂಗ್ ಬೆಳಕಿನಲ್ಲೂ ನೇರಳಾತೀತ ಇದೆ. ಕಡಲ ತೀರದ ಸೆಕೆಗೆ ಹಚ್ಚಿದ ಕ್ರೀಮು ಬೆವರಿನೊಡನೆ ಇಳಿದುಹೋಗುತ್ತದೆ, ಹೆಲ್ಮೆಟ್ಟಿನ ಗಲ್ಲದ ಪಟ್ಟಿ ಎಳೆಯ ಚರ್ಮವನ್ನು ಉಜ್ಜುತ್ತದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ಕುಲುಮೆಯ ಬಳಿ ನಿಲ್ಲುವವರಿಗೂ ಈ ಮಾತು ಹೊಸದೇನಲ್ಲ.

ಇದೆಲ್ಲ ಹಳೆಯ ಕಾಲದ ಭಯ, ಈಗ ಫ್ರಾಕ್ಷನಲ್ ಲೇಸರ್ ಬಂದಿದೆಯಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 2004ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ಇಡೀ ಪದರವನ್ನು ಸುಲಿಯುವುದಿಲ್ಲ. ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಚುಕ್ಕೆಗಳ ಸಾಲಿನಲ್ಲಿ ಮಾತ್ರ ಕಿರಣ ಇಳಿಯುತ್ತದೆ. ನಡುವೆ ಉಳಿದ ಆರೋಗ್ಯವಂತ ಚರ್ಮ ಗಾಯವನ್ನು ಬೇಗ ಮುಚ್ಚುತ್ತದೆ. ಪೂರ್ತಿ ಸುಲಿಯುವ ಪದ್ಧತಿ ನಮ್ಮ ಬಣ್ಣದವರಿಗೆ ಬಹುಮಟ್ಟಿಗೆ ಹಿಂದೆ ಸರಿಯಲು ಇದೇ ಕಾರಣ. ಆದರೆ ಅಪಾಯ ತಗ್ಗಿತು, ತೀರಲಿಲ್ಲ. ಚುಕ್ಕೆಗಳು ಒತ್ತೊತ್ತಾಗಿ ಬಿದ್ದರೆ ಕಾವು ಒಂದಕ್ಕೊಂದು ಕೂಡಿ ಮತ್ತೆ ಕಪ್ಪು ಏಳುತ್ತದೆ. ಹಾಗಾಗಿ ಕಂದು ಚರ್ಮಕ್ಕೆ ಚುಕ್ಕೆ ವಿರಳ, ಸಿಟ್ಟಿಂಗ್ ಹೆಚ್ಚು, ನಡುವೆ ತಿಂಗಳಿಗೆ ಕಡಿಮೆಯಿಲ್ಲದ ಬಿಡುವು. 'ಒಂದೇ ಸಿಟ್ಟಿಂಗಿನಲ್ಲಿ ಮುಗಿಸಿಕೊಡುತ್ತೇವೆ' ಎನ್ನುವ ಜಾಹೀರಾತು ಯಾರ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದೋ! ಹೇಗೂ ಕಪ್ಪು ಮಾಸುತ್ತದಲ್ಲ ಎಂಬ ಸಮಾಧಾನವೂ ಅರ್ಧ ನಿಜ: ಸಾಮಾನ್ಯವಾಗಿ ಮಾಸುತ್ತದೆ, ತಿಂಗಳುಗಳ ಮೇಲೆ, ಬಿಸಿಲು ತಪ್ಪಿಸಿಕೊಂಡವರಿಗೆ. ಮುಂಚೆಯೇ ಬಣ್ಣ ತಿಳಿಗೊಳಿಸುವ ಕ್ರೀಮು ಹಚ್ಚಿದರೆ ಅದನ್ನು ತಡೆಯಬಹುದು ಎಂಬ ವಾಡಿಕೆಗೆ ಗಟ್ಟಿ ಪುರಾವೆಯಿಲ್ಲ. ಕಿವಿಯ ಮುಂದಿನ ಸಣ್ಣ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿ ತಿಂಗಳು ಕಾಯುವುದೇ ಮೇಲು.

ಇದೆಲ್ಲ ಉಳ್ಳವರ ಶೋಕಿ, ದುಡಿಯುವವರಿಗೇಕೆ ಎಂಬ ಇನ್ನೊಂದು ಆಕ್ಷೇಪಣೆಯನ್ನು ಮಾತ್ರ ಒಪ್ಪಲಾಗದು. ಸುಟ್ಟ ಗಾಯ ಮಾಗಿದ ಮೇಲೆ ಗಟ್ಟಿಯಾಗಿ ಬಿಗಿದುಕೊಂಡ ಚರ್ಮವನ್ನು ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಮೆದುವಾಗಿಸುತ್ತದೆ, ತುರಿಕೆ ತಗ್ಗಿಸುತ್ತದೆ, ಬೆರಳೋ ಮೊಣಕೈಯೋ ಇನ್ನಷ್ಟು ಮಡಚಲು ನೆರವಾಗುತ್ತದೆ. ಬಿಸಿ ಲೋಹ, ಹಬೆಗಳ ನಡುವೆ ಕೆಲಸವಿರುವ ಊರಿನಲ್ಲಿ ಇದನ್ನು ಅಲಂಕಾರ ಎನ್ನುವುದು ಹೇಗೆ? ಆರೋಗ್ಯ ವಿಮೆಯ ಪ್ರಮಾಣಿತ ನಿಯಮವೂ ಸೌಂದರ್ಯ ಚಿಕಿತ್ಸೆಯನ್ನು ಹೊರಗಿಟ್ಟರೂ, ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್‌ರಚನೆಗೆ ವಿನಾಯಿತಿ ಇಟ್ಟಿದೆ. ಪಾಲಿಸಿಯ ಆ ಸಾಲನ್ನು ಚಿಕಿತ್ಸೆಗೆ ಮೊದಲೇ ವಿಮಾ ಕಂಪನಿಗೆ ತೋರಿಸಿ ಬರಹದಲ್ಲಿ ಉತ್ತರ ಪಡೆಯಬೇಕು. ಬಂಗಿನ ವಿಷಯ ಇದಕ್ಕೆ ತದ್ವಿರುದ್ಧ. ಕೆನ್ನೆಯ ಬಂಗಿಗೆ ಲೇಸರ್ ಮೊದಲ ಮದ್ದಲ್ಲ; ಕಾವಿಗೆ ಅದು ಇನ್ನಷ್ಟು ಕಪ್ಪಾಗಿ ಮರಳುವುದುಂಟು. ಸೂಜಿ ಚುಚ್ಚಿದಂಥ ಆಳದ ಮೊಡವೆ ಕುಳಿಗಳೂ ಲೇಸರೊಂದಕ್ಕೇ ಬಗ್ಗುವುದಿಲ್ಲ.

ವೈದ್ಯರಿಗೆ ಹೇಳಬೇಕಾದ್ದನ್ನು ನಾಚದೆ ಹೇಳಬೇಕು. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದದ್ದುಂಟೇ (ಇದ್ದರೆ ಮುಂಚಿನಿಂದಲೇ ಆ್ಯಂಟಿವೈರಲ್ ಮಾತ್ರೆ ಬೇಕು), ಗಾಯ ಉಬ್ಬಿ ಕೀಲಾಯ್ಡ್ ಆದದ್ದುಂಟೇ, ಮೊಡವೆಗೆ ಐಸೊಟ್ರೆಟಿನೊಯಿನ್ ನುಂಗುತ್ತಿದ್ದೀರಾ ಎಂಬುದನ್ನೆಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬಿಳುಪಿಗೆಂದು ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಕ್ರೀಮಿನ ವಿಷಯ. ವರ್ಷಗಟ್ಟಲೆ ಅದನ್ನು ತಿಕ್ಕಿ ತೆಳುವಾದ ಮುಖ ಲೇಸರನ್ನು ತಾಳುವುದಿಲ್ಲ. 2018ರಲ್ಲಿ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆದರೂ ಅವು ಕೌಂಟರಿನಲ್ಲಿ ಸಲೀಸಾಗಿ ಸಿಗುತ್ತವೆ. ಯಂತ್ರ ಹಿಡಿಯುವವರು ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಪಡೆದವರೇ, ಕಣ್ಣಿಗೆ ರಕ್ಷಾ ಕವಚ ಹಾಕುತ್ತಾರೆಯೇ, ತೊಂದರೆಯಾದರೆ ಮರುದಿನ ನೋಡುವವರು ಅವರೇ ಏನು ಎಂದು ಕೇಳಿದರೆ ಒಳ್ಳೆಯ ವೈದ್ಯರು ಮುನಿಯುವುದಿಲ್ಲ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ಕಿಗೆ ನೋಂದಣಿ ಬೇಕು. ಗುಜರಾತ್ ಕೂಡ 2021ರಲ್ಲಿ ಇಂಥದೇ ಕಾಯ್ದೆ ಮಾಡಿತು.

ಉಳಿದದ್ದು ಪಂಚಾಂಗ. ತುಳಸಿ ಲಗ್ನ ಮುಗಿದ ಮೇಲೆ ಮದುವೆ ಇದೆಯೆಂದು ದೀಪಾವಳಿಯ ಹೊತ್ತಿಗೆ ಲೇಸರ್ ಮಾಡಿಸಿಕೊಂಡರೆ ಕಪ್ಪು ಏಳುವ ವಾರಗಳೂ ಫೋಟೊ ತೆಗೆಯುವ ವಾರಗಳೂ ಒಂದೇ ಆಗುತ್ತವೆ. ಮುಹೂರ್ತಕ್ಕಿಂತ ಆರು ತಿಂಗಳು ಮೊದಲು ಶುರುಮಾಡುವುದು ಕ್ಷೇಮ. ಚಳಿಗಾಲ ಒಳ್ಳೆಯದೆಂಬ ಸಲಹೆ ಸರಿ, ಆದರೆ ಗುಜರಾತಿನ ಚಳಿಗಾಲದ ನಡುವೆ ಉತ್ತರಾಯಣ ಕೂತಿದೆ: ಜನವರಿ 14 ಮತ್ತು 15ರಂದು ಮನೆಮಂದಿಯೆಲ್ಲ ತಾರಸಿ ಹತ್ತಿ, ಮುಖವನ್ನು ಆಕಾಶಕ್ಕೆ ಒಡ್ಡಿ, ಬೆಳಗಿನಿಂದ ಸಂಜೆಯವರೆಗೆ ಗಾಳಿಪಟ ಹಾರಿಸುತ್ತಾರೆ. ಡಿಸೆಂಬರಿನಲ್ಲಿ ಲೇಸರ್ ಮಾಡಿಸಿಕೊಂಡವರು ಆ ಎರಡು ದಿನ ಕೆಳಗೇ ಇದ್ದು ದಾರದ ಉರುಳೆ ಸುತ್ತಿಕೊಡಬಹುದು. ಪಾಳಿಯಲ್ಲಿ ದುಡಿಯುವವರು ಕ್ಲಿನಿಕ್ಕಿನಲ್ಲಿ ಮುಂಗಡ ಕಟ್ಟುವ ಮೊದಲು, ಗಾಯ ಮಾಗುವ ವಾರಕ್ಕೆ ರಜೆ, ಅದರ ಮುಂದಿನ ಒಂದೆರಡು ತಿಂಗಳಿಗೆ ರಾತ್ರಿ ಪಾಳಿಯೋ ಚಾವಣಿಯಡಿಯ ಕೆಲಸವೋ ಸಿಕ್ಕೀತೇ ಎಂದು ಮೇಲ್ವಿಚಾರಕರನ್ನು ಕೇಳಿ ನೋಡಬೇಕು. ಸಿಗದಿದ್ದರೆ ಕಲೆ ಇನ್ನೊಂದು ವರ್ಷ ಇದ್ದಲ್ಲೇ ಇರಲಿ.